ರೇಚಲಕ್ಕನ ಶುಕ್ರವಾರ
ಕೋಲಾರದ ಈ ಆಸ್ಪತ್ರೆ ಮುಂದೆ ಈಗಷ್ಟೇ ಹಿಪ್ಪುನೇರಳೆ ಸೊಪ್ಪಿನ ಟೆಂಪೋ ಹೋಯ್ತು. ಆ ಹಸಿ ವಾಸನೆಗೆ ಮಾಲೂರಿನ ನಮ್ಮ ರೇಷ್ಮೆಹುಳದ ಮನೆ ನೆನಪಾಯ್ತು.

ಆಗ ನಾನು ಚಿಕ್ಕವಳು. ಅಪ್ಪ ಕ್ಷಯ ಅಂತ ಬೆಂಗಳೂರಲ್ಲಿ ಆಸ್ಪತ್ರೆ ಸೇರಿದ್ದರು. ಕೂತರೆ ಅಳು ಬರುತ್ತೆ ಅಂತ ಅಮ್ಮ ಕೂರುತ್ತಲೇ ಇರಲಿಲ್ಲ. ಪಕ್ಕದ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೊಂಬಾಯಿ ಕಡೆಯ ಯಹೂದಿ ಹೆಂಗಸು ರೇಚಲಕ್ಕ ಇದ್ದರು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಎರಡು ದೀಪ ಹಚ್ಚಿದರೆ, ಶನಿವಾರ ಸಂಜೆವರೆಗೆ ಹುಲ್ಲುಕಡ್ಡಿಯನ್ನೂ ಎತ್ತಿಡುತ್ತಿರಲಿಲ್ಲ.

ಒಂದು ಶುಕ್ರವಾರ ದೀಪ ಹಚ್ಚಿ ಬಂದವರು ಅಮ್ಮನ ಕೈ ಹಿಡಿದುಕೊಂಡರು.

"ಆರು ದಿನ ಲೋಕ ಮಾಡಿ, ಏಳನೇ ದಿನ ದೇವರೇ ಕೆಲಸ ಬಿಟ್ಟು ಕೂತ. ನೀನೇನು ಅವನಿಗಿಂತ ದೊಡ್ಡವಳಾ? ಚಿಂತೆ ಮಾಡೋದೂ ಕೆಲಸಾನೇ ಕಣೇ. ಕೆಳಗಿಡು."

"ಹುಳಕ್ಕೆ ಸೊಪ್ಪು ಹಾಕೋರ್ಯಾರಕ್ಕ?" ಅಂತ ಅಮ್ಮ ಹುಳದ ತಟ್ಟೆ ಎಳೆದಳು. ಹುಳಗಳೆಲ್ಲ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹಾಗೇ, ತಿನ್ನೋದು ಬಿಟ್ಟು ತಲೆ ಎತ್ತಿ ಸುಮ್ಮನಿರುತ್ತವೆ. ಆಗ ಸೊಪ್ಪು ಹಾಕಬಾರದು. ದಿನವಿಡೀ ಅವನ್ನೇ ನೋಡೋ ಅಮ್ಮನಿಗೆ ಅವತ್ತು ಅದೂ ಕಂಡಿರಲಿಲ್ಲ. ನೋಡುತ್ತಾ ಅಲ್ಲೇ ಕೂತಳು. ಅತ್ತಳು. ಆಮೇಲೆ ಎಷ್ಟೋ ದಿನದ ನಿದ್ದೆ ಮಾಡಿದಳು.

ಅಪ್ಪ ವಾಪಸ್ ಬಂದದ್ದು ಎಷ್ಟೋ ಶುಕ್ರವಾರ ಕಳೆದ ಮೇಲೆ. ಅಷ್ಟೂ ಸಂಜೆ ಅಮ್ಮ ರೇಚಲಕ್ಕನ ದೀಪದ ಮುಂದೆ ಕೂತೆದ್ದು, "ಬಂದೇ ಬರ್ತಾರೆ ಕಣೇ" ಅಂತ ನನಗೆ ಹೇಳುತ್ತಾ ಮನೆಗೆ ಬರುತ್ತಿದ್ದಳು.

ಈಗ ಅಮ್ಮ ಒಳಗೆ ಐಸಿಯುನಲ್ಲಿ, ನಾನು ಹೊರಗೆ ಬೆಂಚಿನ ಮೇಲೆ. ಇವತ್ತೂ ಶುಕ್ರವಾರ. ಹೊತ್ತು ಮುಳುಗುತ್ತಿದೆ, ಬೆಳಗಿಂದ ಚಿಂತೆಯಲ್ಲಿ ಒತ್ತುತ್ತಲೇ ಇದ್ದ ಫೋನು ಕೆಳಗಿಡುತ್ತೇನೆ.