ಕಾರಿನೊಳಗೆ ಕೇಳಿಸಬಾರದ ಮಾತು

ಅವರ್ಸಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುಲಿಯಾ ಗೌಡರು ಅಂಗಳದಲ್ಲಿ ನಿಂತ ಬಾಡಿಗೆ ಕಾರನ್ನು ಒರೆಸಿ ಮುಗಿಸಿ, ಹೆಂಡತಿ ಜಯಶ್ರೀಯನ್ನು ಕರೆದು ಹಿಂದಿನ ಸೀಟಿನಲ್ಲಿ ಕೂರಿಸುತ್ತಾರೆ. ಗಾಡಿ ಚಾಲೂ ಮಾಡಿ, ತಾವು ಮಾತ್ರ ಇಳಿದು, ಬಾಗಿಲು ಹಾಕಿ ತೆಂಗಿನ ಮರದ ಬುಡಕ್ಕೆ ಹೋಗುತ್ತಾರೆ. ಮನೆಯೊಳಗಿಂದ ಮಗಳು ಭವ್ಯಾ ಫೋನ್ ಮಾಡುತ್ತಾಳೆ. “ಅಪ್ಪಾ, ಕೇಳ್ತದಾ?” ಕೇಳುತ್ತದೆ, ಅವರ ಕಿವಿಗೆ. ಗಾಜಿನಾಚೆ ಜಯಶ್ರೀ ಇಲ್ಲವೆಂದು ತಲೆಯಾಡಿಸುತ್ತಾರೆ. ಕಾರಿನೊಳಗೆ ಏನೂ ಕೇಳಿಸಿಲ್ಲ ಎಂದು ಖಾತ್ರಿಯಾದ ಮೇಲೆಯೇ ಹುಲಿಯಾ ಬಾಡಿಗೆಗೆ ಹೊರಡುವುದು.

“ನೆರೆಮನೆಯವ್ರೆಲ್ಲ ನಗ್ತ್ರು,” ಎನ್ನುತ್ತಾರೆ ಜಯಶ್ರೀ. “ಹೆಂಡ್ತಿನ ದಿನಾ ಕಾರಲ್ಲಿ ಕೂರ್ಸ್ತ, ಅಂಗಳ ಮಾತ್ರ ದಾಟ್ಸೂದಿಲ್ಲ ಅಂದೇಳಿ.” ಹೇಳುತ್ತ ಅವರೂ ನಗುತ್ತಾರೆ. ಹುಲಿಯಾ ನಗುವುದಿಲ್ಲ.

ಹೆಸರು ಹುಲಿಯಾ, ಸ್ವಭಾವ ಆಕಳದ್ದು. ಹಿರಿಯರಿಂದ ಬಂದ ತುಂಡು ಗದ್ದೆಯ ಅಕ್ಕಿ ಮಳೆಗಾಲ ಕಳೆಯಲು ಸಾಲದು ಎಂದು ಟೆಂಪೊ ಹೊಡೆಯಲು ಹೋದವರು, ಆಮೇಲೆ ಕಾರು ಹಿಡಿದರು. ಮದುವೆ ದಿಬ್ಬಣ, ರೈಲು ನಿಲ್ದಾಣ ಅಂತ ಓಡಾಡಿಕೊಂಡಿರಬೇಕಾದ ಗಾಡಿ ಅದು. ಆದರೆ ಈ ಕರಾವಳಿಯಲ್ಲಿ ತಲೆಗೆ ಪೆಟ್ಟು ಬಿದ್ದವನನ್ನು ದೊಡ್ಡ ಆಸ್ಪತ್ರೆಗೆ ಸೇರಿಸಬೇಕೆಂದರೆ ಗೋವೆಗೆ ಓಡಬೇಕು, ಇಲ್ಲವೆ ಮಣಿಪಾಲಕ್ಕೆ, ಇಲ್ಲವೆ ಘಟ್ಟ ಹತ್ತಿ ಹುಬ್ಬಳ್ಳಿಗೆ. ಯಾವ ಕಡೆ ತಿರುಗಿದರೂ ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ರೋಗಿ ಆಂಬ್ಯುಲೆನ್ಸಿನಲ್ಲಿ, ಮನೆಯವರು ಹುಲಿಯಾರ ಕಾರಿನಲ್ಲಿ. ವಾರಕ್ಕೆ ಮೂರು ನಾಲ್ಕು ಸಲ ಹೀಗೆ. ನಡುದಾರಿಯಲ್ಲೇ ಜೀವ ಹೋದವರೂ ಇದ್ದಾರೆ.

ಹೋಗುವಾಗಿನ ಕೆಲಸ ಬರೀ ಗಾಡಿ ಓಡಿಸುವುದು. ಬರುವಾಗಿನದು ಬೇರೆ. ಮಗ ತೀರಿಕೊಂಡರೆ ತಾಯಿಗೆ, ಗಂಡ ತೀರಿಕೊಂಡರೆ ಹೆಂಡತಿಗೆ ಜೊತೆಗಿದ್ದವರು ಮನೆ ಮುಟ್ಟುವ ತನಕ ಹೇಳುವುದಿಲ್ಲ. “ಐಸಿಯುದಲ್ಲಿದ್ದಾನೆ, ನಮ್ಮನ್ನ ಒಳಗೆ ಬಿಡೂದಿಲ್ಲ, ನಾಳೆ ಬರ್ವ” ಎಂದು ಹೇಳಿ ಕಾರು ಹತ್ತಿಸುತ್ತಾರೆ. ಇದರಲ್ಲಿ ಮೋಸವಿಲ್ಲ, ಮರುಕವಿದೆ. ಗೊತ್ತಾದ ಮೇಲೆ ಆಕೆ ಬಾಯಿಗೆ ನೀರು ಹಾಕುವುದಿಲ್ಲ, ಸುಡುವವರೆಗೆ ಮನೆಯಲ್ಲಿ ಒಲೆಯೂ ಹತ್ತುವುದಿಲ್ಲ. ಅದಕ್ಕೇ ದಾರಿಯಲ್ಲೇ ಎಲ್ಲಾದರೂ ನಿಲ್ಲಿಸಿ, ಒಂದು ತುತ್ತು ತಿನ್ನಿಸಿ ಕರೆತರುವುದು. ಈ ಸುಳ್ಳಿನಲ್ಲಿ ಡ್ರೈವರನಿಗೂ ಪಾಲಿದೆ. ಊರಿನವರು ಫೋನ್ ಮಾಡಿ ವಿಚಾರಿಸುವುದು ಅವನನ್ನೇ.

ಮೊದಲು ಹುಲಿಯಾರ ಫೋನು ತಂತಿಯಿಂದ ಕಾರಿನ ಪರದೆಗೆ ಹೊಂದಿಕೊಂಡಿತ್ತು. ದಾರಿಯ ನಕ್ಷೆ, ಮಾತು, ಎಲ್ಲ ಅದರಲ್ಲೇ. ಇಂಥ ಕರೆ ಬಂದರೆ ಗಾಡಿ ಬದಿಗೆ ಹಾಕಿ, ತಂತಿ ಕಿತ್ತು, ಕೆಳಗಿಳಿದು ಮಾತಾಡುತ್ತಿದ್ದರು. ಕಿತ್ತೂ ಕಿತ್ತೂ ಫೋನಿನ ಚಾರ್ಜಿಂಗ್ ಪಿನ್ನು ಸಡಿಲಾಯಿತು. ಕಾರವಾರದಲ್ಲಿ ಕಾರಿನ ಬಿಡಿ ಸಾಮಾನು ಮಾರುವ ಆಶಿಷ, ಬೆಂಕಿಪೊಟ್ಟಣದಷ್ಟು ಚಿಕ್ಕ ವೈರ್‌ಲೆಸ್ ಅಡಾಪ್ಟರ್ ಒಂದನ್ನು ಕೊಟ್ಟ. ಅದನ್ನು ಕಾರಿಗೆ ಚುಚ್ಚಿಟ್ಟರೆ ಸಾಕು, ಫೋನು ಜೇಬಿನಲ್ಲಿದ್ದರೂ ಪರದೆಗೆ ತಾನಾಗಿ ಕೂಡಿಕೊಳ್ಳುತ್ತದೆ. “ಬೇಗ ಹತ್ತೂದು ಯಾವ್ದು, ಅದೇ ಕೊಡು” ಎಂದು ಕೇಳಿ ತಂದದ್ದು ಹುಲಿಯಾರೇ.

ಕದ್ವಾಡದ ಕಾಮಿಯವರ ಮಗ ಪ್ರಕಾಶ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದದ್ದು ಅದೇ ವಾರ. ಗೋವೆಯ ಆಸ್ಪತ್ರೆಯಲ್ಲಿ ಅವನು ಉಳಿಯಲಿಲ್ಲ. ಅಳಿಯ ವಿನೋದ ಹೆಣದ ಜೊತೆ ಆಂಬ್ಯುಲೆನ್ಸಿನಲ್ಲಿ ಹಿಂದೆ ಬರುತ್ತಿದ್ದ. ಮುಂದೆ ಹುಲಿಯಾರ ಕಾರು, ಅದರಲ್ಲಿ ಕಾಮಿ ಮತ್ತು ಎಲ್ಲ ಗೊತ್ತಿದ್ದೂ ಕಣ್ಣೀರು ನುಂಗಿಕೊಂಡು ಕೂತ ಮಗಳು ರೂಪಾ. ಕಾಣಕೋಣದಲ್ಲಿ ರೂಪಾಳ ಸನ್ನೆ ನೋಡಿ ಗಾಡಿ ನಿಲ್ಲಿಸಿದ ಹುಲಿಯಾ, ಚಾ, ಬನ್ಸು ತಂದು ಕಾಮಿಯವರ ಕೈಗೆ ಕೊಟ್ಟರು. ಆಕೆ ಎರಡೂ ಬನ್ಸು ತಿಂದರು.

ಗಡಿಯ ಮಾಜಾಳಿ ದಾಟಿದ ಮೇಲೆ ಫೋನು ರಿಂಗಾಯಿತು. ಕದ್ವಾಡದ ನೆರೆಮನೆಯ ತಿಮ್ಮುವಿನದು. ಹುಲಿಯಾ ರೂಢಿಯಂತೆ ಗಾಡಿ ಬದಿಗೆ ಹಾಕಿದರು. ಮುದುಕಿಗೆ ಸೆಕೆಯಾಗದಿರಲಿ ಎಂದು ಗಾಡಿಯನ್ನೂ ಎಸಿಯನ್ನೂ ಬಂದ್ ಮಾಡಲಿಲ್ಲ. ಕೆಳಗಿಳಿದು, ಬಾಗಿಲು ಹಾಕಿ, ನಾಲ್ಕು ಹೆಜ್ಜೆ ಆಚೆ ಹೋಗಿ ಕರೆ ತೆಗೆದುಕೊಂಡು ಫೋನು ಕಿವಿಗಿಟ್ಟರು. ಕಿವಿಯಲ್ಲಿ ಏನೂ ಇಲ್ಲ.

“ನಾ ಹೊರಗೆ ಹಲೋ ಹಲೋ ಹೇಳ್ಕಂತ ನಿಂತೆ. ನೆಟ್‌ವರ್ಕ್ ಇಲ್ಲ ಮಾಡ್ಕಂಡಿ. ಕಿತ್ತೂಕೆ ತಂತಿ ಇರ್ಲಿಲ್ಲ ಅಲ್ದಾ? ಕೈಯಲ್ಲಿದ್ದ ಫೋನು ನಂದೇ ಹೇಳಿ ತಿಳ್ಕಂಡೆ. ತಿರ್ಗಿ ನೋಡ್ತೆ, ರೂಪಾ ಮುಂದಿನ ಸೀಟಿಗೆ ಬಗ್ಗಿ ಆ ಪರದೆಗೆ ಬಡಿತಾ ಇತ್ತು.”

ತಿಮ್ಮುವಿನ ಮಾತು ಕಾರಿನ ನಾಲ್ಕೂ ಬಾಗಿಲುಗಳ ಸ್ಪೀಕರಿನಿಂದ ಬರುತ್ತಿತ್ತು. “ಕಟ್ಗೆ ಎಲ್ಲ ಆತು ಹುಲಿಯಾ. ಹೆಣ ಎಷ್ಟೊತ್ತಿಗೆ ಬತ್ತದು? ಬೆಳಕಿದ್ದಂಗೇ ಸುಟ್ಟು ಮುಗ್ಸ್ವ.” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಲಿಯಾ ಬಾಗಿಲು ತೆಗೆದಾಗ ಕಾಮಿ ಅಳುತ್ತಿರಲಿಲ್ಲ. ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಿದ್ದರು. ಕಾಳಿ ಸೇತುವೆ ದಾಟಿ ಕದ್ವಾಡ ಮುಟ್ಟುವವರೆಗೂ ಒರೆಸಿಕೊಳ್ಳುತ್ತಲೇ ಇದ್ದರಂತೆ.

ಅದಾದ ಮೇಲೆ ಹುಲಿಯಾ ಕೆಲವು ದಿನ ಗಾಡಿ ಮುಟ್ಟಲಿಲ್ಲ. ಆಮೇಲೊಂದು ದಿನ ಆಶಿಷನ ಅಂಗಡಿಗೆ ಹೋಗಿ ಆ ಅಡಾಪ್ಟರನ್ನು ಗಲ್ಲಾದ ಮೇಲಿಟ್ಟರು. ಬೇರೆ ಬೇಕು ಎಂದರು. ಆಶಿಷ ಒಂದೊಂದೇ ಡಬ್ಬಿ ಬಿಚ್ಚಿದ. ಒಂದು ಡಬ್ಬಿಯದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೂಡಿಕೊಳ್ಳುತ್ತದೆ. ಇನ್ನೊಂದು ಎಷ್ಟು ಫೋನುಗಳನ್ನಾದರೂ ನೆನಪಿಟ್ಟುಕೊಂಡು ತಾನೇ ಹುಡುಕುತ್ತದೆ. ಎಲ್ಲ ಡಬ್ಬಿಗಳೂ ಕೂಡಿಕೊಳ್ಳುವುದನ್ನೇ ಹೊಗಳುತ್ತಿದ್ದವು.

“ಅರೇ, ಗಿರಾಕಿ ಎಲ್ಲ ಬೇಗ ಕನೆಕ್ಟ್ ಆಗೂದು ಕೇಳ್ತಾರೆ. ಈ ಕಾಕಾ ಒಬ್ರೇ, ಬೇಗ ಬಿಡೂದು ಯಾವ್ದು, ಬಿಟ್ಮೇಲೆ ತಾನಾಗಿ ಮತ್ತೆ ಹಿಡೀಬಾರ್ದು ಅಂತ ಕೇಳಿದ್ದು,” ಎಂದು ಆಶಿಷ ನೆನೆಯುತ್ತಾನೆ. “ನಂಗೆ ಮೊದ್ಲು ನಗು ಬಂತು. ಆಮೇಲೆ ಯಾಕೆ ಅಂತ ಹೇಳಿದ್ರು.”

ಕೊನೆಗೆ ಸಿಕ್ಕಿದ್ದು ಬದಿಯಲ್ಲಿ ಗುಂಡಿಯಿರುವ ಒಂದು ಅಡಾಪ್ಟರ್. ಒತ್ತಿದರೆ ಬಿಡುತ್ತದೆ, ಮತ್ತೆ ಒತ್ತುವ ತನಕ ಫೋನಿನ ತಂಟೆಗೆ ಹೋಗುವುದಿಲ್ಲ. “ಕಾಕಾ, ಇದು ನಿಧಾನ, ಬಿಸಿಯೂ ಆಗ್ತದೆ, ಮ್ಯಾಪು ನಡುವೆ ನಿಂತ್ಬಿಡ್ತದೆ” ಎಂದು ಆಶಿಷ ಮುಚ್ಚುಮರೆಯಿಲ್ಲದೆ ಹೇಳಿದ. ಹುಲಿಯಾ ಅವನನ್ನೇ ಕಾರಿನೊಳಗೆ ಕೂರಿಸಿ, ಬಾಗಿಲು ಹಾಕಿ, ಬೀದಿಯಲ್ಲಿ ನಿಂತು ಕರೆ ತೆಗೆದುಕೊಂಡು ನೋಡಿದರು. ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು, ಗಾಡಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿಯೂ ನೋಡಿದರು. ಹೋಗುವ ಬರುವವರು ನಿಂತು ನೋಡುವಷ್ಟಾಯಿತು. ನಕ್ಷೆ ನಿಂತರೆ ನಿಲ್ಲಲಿ, ಗೋವೆಯ ದಾರಿ ತಿರುವು ತಿರುವೂ ಗೊತ್ತು ಎಂದು ಅದನ್ನೇ ಕೊಂಡರು.

ಅದನ್ನು ತೋರಿಸಲು ಅವರು ಕದ್ವಾಡಕ್ಕೂ ಹೋದರು. ಎಂಥ ಹುಚ್ಚು ಅನಿಸಬಹುದು. ಆದರೆ ತಪ್ಪು ಹೊತ್ತವನಿಗೆ ಇಳಿಸಲು ಜಾಗ ಬೇಕಲ್ಲ! ಕಾಮಿ ಜಗಲಿಯಲ್ಲಿ ಕೂತಿದ್ದರು. ಇನ್ನು ಯಾರಿಗೂ ಹಾಗಾಗುವುದಿಲ್ಲ ಅವ್ವಿ, ಗುಂಡಿ ಇರುವುದನ್ನು ತಂದಿದ್ದೇನೆ ಎಂದು ಹುಲಿಯಾ ಹೇಳಿದರು.

ಕಾಮಿ ಅದನ್ನು ಮುಟ್ಟಲಿಲ್ಲ. “ಆ ಪೆಟ್ಗೆ ಮೇಲೆ ನಂಗೆಂತ ಸಿಟ್ಟಿಲ್ವೋ ತಮಾ. ಅದು ಇದ್ದದ್ ಹೇಳ್ತು. ನನ್ ಮಗ ಹೆಣ ಆಗಿ ಹಿಂದೆ ಬತ್ತಾ ಇದ್ದ, ನಾ ಮುಂದೆ ಕೂತ್ಕಂಡಿ ಬನ್ಸ್ ತಿಂದೆ. ಚೊಲೋ ಇತ್ತು ಅಂದೂ ಹೇಳ್ದೆ. ತಂದು ಕೈಲಿ ಕೊಟ್ಟವ್ನು ನೀನು.”

ಹುಲಿಯಾ ತಲೆ ತಗ್ಗಿಸಿ ಬಂದರು. ಆಕೆ ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ. ಈಗಲೂ ಅವರಿಗೆ ಯಾವುದು ಸರಿ ಎಂದು ಗೊತ್ತಿಲ್ಲ. ಐಸಿಯುವಿನಲ್ಲಿ ಯಾರಾದರೂ ಇದ್ದರೆ ಹೋಗುವಾಗಲೂ ಬರುವಾಗಲೂ ಗುಂಡಿ ಒತ್ತಿಯೇ ಇಡುತ್ತಾರೆ. ಯಾರಿಗೂ ತಿಂಡಿ ಕೊಡಿಸುವುದಿಲ್ಲ, ನೀರು ಮಾತ್ರ ಕೊಡುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಹೇಳುತ್ತಾರೆ: “ದೊಡ್ಡಾಸ್ಪತ್ರೆ ಕಾರವಾರದಲ್ಲೇ ಆಗ್ಬೇಕು. ಸಾಯೂದು ನಮ್ ಕೈಲಿಲ್ಲ. ಆದ್ರೆ ಸುಳ್ಳು ಹೇಳೂ ದಾರಿಯಾದ್ರೂ ಗಿಡ್ಡ ಆಗ್ತಿತ್ತು.”

ಈ ದಿನದ ಬಾಡಿಗೆ ದೇವಬಾಗದ ವೈಜಯಂತಿಯವರದು. ಗಂಡ ದುರ್ಗಪ್ಪ ದೋಣಿಯಲ್ಲಿ ಜಾರಿ ಬಿದ್ದು ತಲೆ ಒಡೆದುಕೊಂಡು ಗೋವೆಯಲ್ಲಿದ್ದಾರೆ. ನಿನ್ನೆ ಕಣ್ಣು ಬಿಟ್ಟರಂತೆ. ಆಕೆಯ ಮಡಿಲಲ್ಲಿ ಬಟ್ಟೆ ಸುತ್ತಿದ ಗಂಜಿಯ ಡಬ್ಬಿ. “ಅಣ್ಣಾ, ಸ್ವಲ್ಪ ಜೋರಾಗಿ ಬಿಡಿ, ಆರಿದ್ರೆ ಅವ್ರು ಕುಡಿಯೂದಿಲ್ಲ,” ಎನ್ನುತ್ತಾರೆ. ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಫೋನು ರಿಂಗಾಗುತ್ತದೆ, ಆಸ್ಪತ್ರೆಯಲ್ಲಿರುವ ದುರ್ಗಪ್ಪನ ತಮ್ಮನದು. ಹುಲಿಯಾ ಗಾಡಿ ಬದಿಗೆ ಹಾಕಿ ಇಳಿಯುತ್ತಾರೆ. ಮಾತೆಲ್ಲ ಅವರ ಕಿವಿಯಲ್ಲೇ ಕೇಳುತ್ತದೆ, ಕೊನೆಯ “ಅತ್ತಿಗೆಗೆ ಹೇಳ್ಬೇಡಿ” ಎಂಬುದೂ ಸೇರಿ. ಕಾರಿನೊಳಗೆ ಒಂದಕ್ಷರವೂ ಕೇಳಿಸಿಲ್ಲ. ವೈಜಯಂತಿ ಡಬ್ಬಿಯ ಮೇಲೆ ಅಂಗೈಯಿಟ್ಟು ಬಿಸಿ ನೋಡುತ್ತಿದ್ದಾರೆ.

ಹುಲಿಯಾ ಬಂದು ಸ್ಟೇರಿಂಗ್ ಹಿಂದೆ ಕೂರುವುದಿಲ್ಲ. ಹಿಂದಿನ ಬಾಗಿಲು ತೆಗೆದು, ರಸ್ತೆಬದಿಯ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ.

“ತಂಗಿ,” ಎನ್ನುತ್ತಾರೆ, “ಗಂಜಿ ಕೆಳಗಿಡು.”