ಕೈಮಾತಿಗೂ ಕಾಸೆ?

ನಾನು ಬಾಯಿಬಡುಕ. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದ ಮೇಲೂ ನಾಲಿಗೆಗೆ ಪೆನ್ಷನ್ ಸಿಕ್ಕಿಲ್ಲ. ಹಾಗಾಗಿ ಯಾವುದೋ ಕಂಪನಿಯವರು ‘ಮಾತು ಅನ್‌ಲಿಮಿಟೆಡ್’ ಎಂಬ ಅಗ್ಗದ ರೀಚಾರ್ಜು ತಂದಾಗ, ನನ್ನನ್ನು ನೆನೆಸಿಕೊಂಡೇ ಮಾಡಿದ್ದಾರೆಂದು ಹಿಗ್ಗಿಹೋದೆ. ಪಕ್ಕದ ಮನೆಯ ಪುಟ್ಟತಾಯಮ್ಮನ ಫೋನಿಗೂ ಅದನ್ನೇ ಹಾಕಿಸಿಕೊಟ್ಟೆ.

ಪುಟ್ಟತಾಯಮ್ಮ ಚೆಂಡುಹೂ ಬಿಡಿಸುವ ಕೂಲಿಗೆ ಹೋಗುವಾಕೆ. ಮೊಮ್ಮಗಳು ಗೌರಿಗೆ ಕಿವಿ ಕೇಳದು. ಈ ವರ್ಷ ಮೈಸೂರಿನ ಶಾಲೆಗೆ ಸೇರಿ ಹಾಸ್ಟೆಲಿನಲ್ಲಿದ್ದಾಳೆ. ಇವರಿಬ್ಬರ ಮಾತೆಲ್ಲ ಕೈಯಲ್ಲೇ. ಸಂಜೆ ವಿಡಿಯೋದಲ್ಲಿ ಅಜ್ಜಿಯೊಡನೆ ಕೈಯಾಡಿಸಿದ ಮೇಲೆಯೇ ಅವಳು ತಟ್ಟೆಗೆ ಕೈ ಹಾಕುವುದು.

ರೀಚಾರ್ಜಾದ ಮರುಸಂಜೆಯೇ ಪುಟ್ಟತಾಯಮ್ಮ ಓಡಿಬಂದಳು. “ಮೇಷ್ಟ್ರೇ, ಕೂಸಿನ ಕೈ ಅಲ್ಲೇ ನಿಂತೋಗ್ಬುಡ್ತು ನೋಡಿ. ಅದು ಉಣ್ಣಾಕಿಲ್ಲ ಇವತ್ತು.” ಪರದೆಯ ಮೇಲೆ ಗೌರಿಯ ಕೈ ಅರ್ಧ ಮಾತಿನಲ್ಲಿ ಎತ್ತಿದ್ದು ಎತ್ತಿದಂತೆಯೇ ಇತ್ತು.

ಇಬ್ಬರೂ ರೀಚಾರ್ಜು ಅಂಗಡಿಗೆ ಹೋದೆವು. ಅಂಗಡಿಯವನು ಬಿಡಿಸಿ ಹೇಳಿದ: ಈ ಪ್ಯಾಕಿನಲ್ಲಿ ಬಾಯಿಮಾತು ಪುಕ್ಕಟೆ, ಕಂಪನಿಯದೇ ಸಿನಿಮಾ ಆಪೂ ಪುಕ್ಕಟೆ, ಬೇರೆಯವರ ವಿಡಿಯೋ, ವಿಡಿಯೋ ಕಾಲ್ ಎಲ್ಲ ನಿಧಾನ, ಬೇಗ ಬೇಕೆಂದರೆ ಮೇಲೆ ದುಡ್ಡು. ತೋರಿಸಲೆಂದು ಅದೇ ಫೋನಿನಲ್ಲಿ ಸಿನಿಮಾ ಹಾಕಿದ. ಹೀರೋ ಒಂಚೂರೂ ತಡವರಿಸದೆ ಕುಣಿದ.

“ಬಾಯಲ್ಲಿ ಆಡೋರ್ಗೆ ಪುಕ್ಸಟ್ಟೆ, ಕೈಲಿ ಆಡೋರ್ಗೆ ಕಾಸಾ?” ಎಂದಳು ಪುಟ್ಟತಾಯಮ್ಮ. ವರ್ಷವರ್ಷವೂ ಸಮಾನತೆಯ ಪಾಠ ಒದರಿದ ನಾನು ಅಂಗಡಿಯ ಪೋಸ್ಟರು ನೋಡುತ್ತ ನಿಂತೆ.

ಚಾಮರಾಜನಗರದ ಬಸ್ಸು ನೆನಪಾಯಿತು. ನಮ್ಮ ಕಂಡಕ್ಟರು ಮೂಟೆಗೆ ಲಗೇಜು ಟಿಕೆಟ್ಟು ಹರಿಯುತ್ತಾನೆ, ಭಾರವಿದ್ದರೆ ಗೊಣಗುತ್ತಾನೆ ಕೂಡ. ಆದರೆ ಒಳಗಿರುವುದು ಅರಿಸಿನವೋ ರಾಗಿಯೋ ಎಂದು ಬಿಚ್ಚಿ ನೋಡಿ, ತನ್ನ ಭಾವನ ಹೊಲದ ಅರಿಸಿನಕ್ಕೆ ಮುಂದಿನ ಸೀಟು, ಮಿಕ್ಕವರ ರಾಗಿಗೆ ಟಾಪು ಎನ್ನುವುದಿಲ್ಲ. ಹಾಗೆಂದರೆ ಬಸ್ಸು ಮುಂದಿನ ಊರು ದಾಟುವುದರೊಳಗೆ ಅವನನ್ನೇ ಇಳಿಸಿಬಿಡುತ್ತಾರೆ. ದೊಡ್ಡವರು ಇಂಟರ್‌ನೆಟ್ಟಿನ ತಾರತಮ್ಯವೆಂದು ಚರ್ಚೆ ಮಾಡುವುದು ಇಷ್ಟನ್ನೇ ಇರಬೇಕು.

ಅಂದು ಪುಟ್ಟತಾಯಮ್ಮನನ್ನು ನಮ್ಮ ಜಗಲಿಗೆ ಕರೆತಂದು, ಮನೆಯ ವೈಫೈಗೆ ಫೋನು ಜೋಡಿಸಿದೆ. ಇದು ನ್ಯಾಯವೇನಲ್ಲ, ಬರೀ ನೆರೆಹೊರೆ. ಕೈ ಕದಲಿತು, ಅರ್ಧಕ್ಕೆ ನಿಂತಿದ್ದ ಮಾತು ಪೂರ್ತಿಯಾಯಿತು. ಹಾಸ್ಟೆಲಿನ ತಟ್ಟೆಯೂ ಖಾಲಿಯಾಯಿತು.

ಈಗ ದಿನವೂ ಸಂಜೆ ನಮ್ಮ ಜಗಲಿಯಲ್ಲಿ ಸದ್ದಿಲ್ಲದ ಹರಟೆ. ಮೊನ್ನೆ ಗೌರಿ ಐದು ಬೆರಳನ್ನೂ ತುಟಿಯ ಹತ್ತಿರ ತಂದು ಪಟಪಟನೆ ತೆಗೆದು ಮುಚ್ಚಿ, ಆಮೇಲೆ ಏನೋ ಕೇಳಿದಳು. ಪುಟ್ಟತಾಯಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

“ಅದು ನಿಮ್ಗೆ ಮಡಗಿರೋ ಹೆಸ್ರು. ಆ ವಟವಟ ಮೇಷ್ಟ್ರು ಉಂಡ್ರಾ ಅಂತ ಕೇಳ್ತಾವ್ಳೆ.”

ಮಾತು ಅನ್‌ಲಿಮಿಟೆಡ್ ಇದ್ದರೂ ಇಲ್ಲಿ ಬಾಯಿಗೆ ಕೆಲಸವಿರಲಿಲ್ಲ. ಫೋನಿನ ಮುಂದೆ ಬಗ್ಗಿ, ಹೊಟ್ಟೆ ಸವರಿ ತೋರಿಸಿದೆ. ಅವಳಿಗೆ ತಿಳಿಯಿತು.