ದಸ್ತಗೀರನಿಗೆ ಸೇರದ ಕುರ್ಚಿ

ದಸ್ತಗೀರನ ಕಾಲುಗಳ ಬಗ್ಗೆ ಔರಾದದ ಹಳಬರು ಈಗಲೂ ಮಾತಾಡುತ್ತಾರೆ. ಪ್ರಾಯದಲ್ಲಿ ಅವನು ಅಲ್ಲಿಯ ಅಡತಿ ಅಂಗಡಿಗಳಲ್ಲಿ ಹಮಾಲಿ ಮಾಡುತ್ತಿದ್ದ. ತೊಗರಿ ಚೀಲ ಬೆನ್ನಿಗೇರಿಸಿಕೊಂಡು ಹಲಗೆಯ ಮೇಲಿಂದ ಲಾರಿ ಹತ್ತುವಾಗಲೂ ಪಕ್ಕದವರನ್ನು ಚೇಷ್ಟೆ ಮಾಡುವಷ್ಟು ಉಸಿರು ಅವನಲ್ಲಿ ಉಳಿದಿರುತ್ತಿತ್ತು. ಆಮೇಲೆ ಬೀದರಿಗೆ ಬಂದು ಊರಂಚಿನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಗೋದಾಮಿಗೆ ರಾತ್ರಿ ಕಾವಲುಗಾರನಾದ. ಊರು ಏಳುವ ಹೊತ್ತಿಗೆ ಮನೆಗೆ ಬಂದು ಕಿಟಕಿಗೆ ಕಂಬಳಿ ಕಟ್ಟಿ ಮಲಗುವುದು, ಹೊತ್ತು ಮುಳುಗುವಾಗ ಡಬ್ಬಿ ಹಿಡಿದು ಹೊರಡುವುದು. ಹೀಗೆಯೇ ಅರ್ಧ ಆಯುಷ್ಯ ಕಳೆಯಿತು. ಬೀದರಿನ ಬಿಸಿಲನ್ನು ಬೈಯದವರಿಲ್ಲ. ಇವನಿಗೆ ಮಾತ್ರ ಬೈಯುವ ಪ್ರಸಂಗವೇ ಬರಲಿಲ್ಲ.

ಕಾಲಿನಲ್ಲಿ ಕಸುವಿದ್ದವನ ನಾಲಿಗೆಗೂ ಸೊಕ್ಕಿತ್ತು. ಬೀದರಿನಲ್ಲಿ ಅವನದೇ ಓಣಿಯ ಅಬ್ದುಲ ಗಫೂರ ಗಾದಿ ಹೊಲಿಯುವ ಮೆದು ಸ್ವಭಾವದ ಮನುಷ್ಯ. ಮೊಣಕಾಲು ಕೈಕೊಟ್ಟ ಮೇಲೆ ಅವನು ಮಸೀದಿಯ ಹಿಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಮಾಜು ಮಾಡತೊಡಗಿದ. ಅಶಕ್ತರು ಕೂತು ಮಾಡಬಹುದೆಂದು ಮೌಲಾನಾ ಸಾಹೇಬರೇ ಹೇಳಿದ್ದರು. ಆದರೆ ಎಲುಬಿಲ್ಲದ ನಾಲಿಗೆ ಸುಮ್ಮನಿರಬೇಕಲ್ಲ! ಶುಕ್ರವಾರದ ಜುಮ್ಮಾ ನಮಾಜು ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ದಸ್ತಗೀರ ಗಟ್ಟಿಯಾಗಿ ಕೇಳಿದ.

"ಏನ್ರಿ ಗಫೂರ ಭಾಯಿ, ಅಲ್ಲಾಹನ ಮುಂದೂ ಕುರ್ಚಿ ಹಾಕ್ಕೊಂಡು ಕೂಡ್ತೀರಿ? ತಹಶೀಲ್ದಾರ ಆದ್ರೇನ್ರಿ?"

ಜನ ನಕ್ಕರು. ಗಫೂರನೂ ನಕ್ಕ. ಮುಂದಿನ ವಾರ ಅವನು ಮಸೀದಿಗೆ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಭಾಲ್ಕಿಯಲ್ಲಿರುವ ಮಗಳು ಶೈಸ್ತಾಳ ಮನೆಗೆ ಹೋದನೆಂದು ಸುದ್ದಿ ಬಂತು. ಆಡಿದವನು ಆಡಿದ ಮಾತನ್ನು ಮರೆತೇಬಿಟ್ಟ.

ಈ ವರ್ಷ ಅದೇ ಮಸೀದಿಯಲ್ಲಿ ಸಜ್ದಾಕ್ಕೆಂದು ನೆಲಕ್ಕೆ ಹಣೆ ಹಚ್ಚಿದ ದಸ್ತಗೀರನಿಗೆ ಮೇಲೇಳಲು ಆಗಲಿಲ್ಲ. ಸಾಲಿಗೆ ಸಾಲೇ ಎದ್ದು ನಿಂತಿತು, ಕೆಳಗೆ ಉಳಿದವನು ಇವನೊಬ್ಬ. ತೊಡೆಗಳು ತನ್ನವೇ ಅಲ್ಲವೆನ್ನಿಸಿತು. ನಮಾಜು ಮುಗಿದ ಮೇಲೆ ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ಯಾರೂ ನಗಲಿಲ್ಲ. ಯಾರೋ ಹಿಂದಿನಿಂದ ಆ ಕುರ್ಚಿಯನ್ನು ಅವನ ಕಡೆಗೆ ಸರಿಸಿದರು. ನಾಚಿಕೆಯಿಂದ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕುರ್ಚಿಯತ್ತ ನೋಡದೆ ಗೋಡೆ ಹಿಡಿದುಕೊಂಡು ಹೊರಗೆ ನಡೆದ. ಅಂದಿನಿಂದ ಮಸೀದಿಯ ದಾರಿ ಬಿಟ್ಟ.

ಹೆಂಡತಿ ಖತೀಜಾ ಬೇಗಂ ಜಗಳಾಡಿ ಡಾಕ್ಟರ ಹತ್ತಿರ ಕರೆದೊಯ್ದಳು. ರಕ್ತ ತಪಾಸಣೆಯಾಯಿತು.

"ಮೈಯಾಗ ವಿಟಮಿನ್ ಡಿ ಭಾಳ ಕಡಿಮಿ ಅದರಿ ಚಾಚಾ. ಬಿಸಿಲು ಕಂಡು ಎಷ್ಟು ವರ್ಷಾತ್ರಿ?" ಎಂದರು ಡಾಕ್ಟರು. "ವಾರಕ್ಕೊಮ್ಮಿ ಈ ಪುಡಿ ಹಾಲಿನಾಗ ಕುಡೀರಿ. ದಿನಾ ಬಿಸಿಲಿಗೆ ಕೂಡ್ರಿ. ಆದ್ರ ಅಷ್ಟಕ್ಕss ಕಸುವು ಬರಂಗಿಲ್ಲ, ಕುರ್ಚಿ ಮ್ಯಾಲಿಂದ ಏಳೋದು ಕೂಡೋದು ಮಾಡ್ರಿ. ನೆಲದ ಮ್ಯಾಲ ಕೂಡಬ್ಯಾಡ್ರಿ. ಬಿದ್ರ ಎಲುಬು ಮುರೀತಾವ."

ಕುರ್ಚಿ ಅಂದ ಕೂಡಲೇ ಗಫೂರನ ಆ ನಗು ಕಣ್ಣಿಗೆ ಕಟ್ಟಿತು. ಅದು ನಗುವಲ್ಲ ಅನ್ನುವುದು ದಸ್ತಗೀರನಿಗೆ ಈಗ ತಿಳಿಯಿತು.

ಮಾಫಿ ಕೇಳದೆ ಅನ್ನ ಇಳಿಯಲಿಲ್ಲ. ಭಾಲ್ಕಿಯ ಬಸ್ಸು ಹಿಡಿದ. ದಾರಿಯುದ್ದಕ್ಕೂ ಗಫೂರ ಬೈಯಲಿ, ಚೆನ್ನಾಗಿ ಬೈಯಲಿ ಎಂದೇ ಆಸೆ. ಶೈಸ್ತಾ ಹಿಂದಿನ ಕೋಣೆಗೆ ಕರೆದೊಯ್ದಳು. ಬೆಳಕು ಸರಿಯಾಗಿ ಬಾರದ ಕೋಣೆ; ಮಂಚದ ಮೇಲೆ ಗಫೂರ, ಸೊರಗಿ ಅರ್ಧವಾಗಿದ್ದ. ಡಾಕ್ಟರ ಮಾತು ಮರೆತು ದಸ್ತಗೀರ ಅವನ ಕಾಲ ಹತ್ತಿರ ಚಾಪೆಯ ಮೇಲೆ ಕೂತುಬಿಟ್ಟ.

"ಅವತ್ತ ಮಸೀದ್ಯಾಗ ನಾ ಆಡಿದ ಮಾತು… ಮಾಫ ಮಾಡ್ರಿ ಭಾಯಿ."

"ಅಯ್ಯ, ಮಾಫಿ ಯಾಕ್ರಿ? ನೀವು ಖರೇನss ಹೇಳಿದ್ರಿ," ಎಂದ ಗಫೂರ. "ನನಗss ನಾಚಿಕಿ ಆತು. ಮನ್ಯಾಗೂ ಕುರ್ಚಿ ಮುಟ್ಟಲಿಲ್ಲ ನೋಡ್ರಿ. ನೆಲದ ಮ್ಯಾಲss ನಮಾಜು ಮಾಡಿದೆ. ಒಂದಿನ ಏಳಾಕ ಹೋಗಿ ಬಿದ್ದೆ, ಟೊಂಕದ ಎಲುಬು ಮುರೀತು. ಅವಾಗಿಂದ ಅಂಗಳಾನೂ ಕಂಡಿಲ್ಲ."

ಬೈಗುಳವಾದರೆ ತಿನ್ನಬಹುದಿತ್ತು, ಇದನ್ನು ಹೇಗೆ ತಿನ್ನುವುದು? ಓಡಿಹೋಗಬೇಕೆನ್ನಿಸಿ ದಸ್ತಗೀರ ನೆಲಕ್ಕೆ ಕೈಯೂರಿದ. ಏಳಲಾಗಲಿಲ್ಲ. ಮತ್ತೆ ಊರಿದ, ಮತ್ತೆ ಆಗಲಿಲ್ಲ. ಬಾಗಿಲಲ್ಲಿದ್ದ ಶೈಸ್ತಾ ಅದನ್ನು ಕಂಡು ಆಸರೆಗೆಂದು ಕುರ್ಚಿ ತಂದಳು.

"ಬ್ಯಾಡ ಬೇಟಿ," ಎಂದ ಗಫೂರ ಗಡಿಬಿಡಿಯಿಂದ. "ದಸ್ತಗೀರ ಭಾಯಿಗೆ ಕುರ್ಚಿ ಸೇರಂಗಿಲ್ಲ."

ಅವನ ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ಮನೆಗೆ ಬಂದವನ ಮರ್ಯಾದೆ ಕಾಯುವ ಮಾತಷ್ಟೇ ಅದು.

ದಸ್ತಗೀರ ಕುರ್ಚಿಯ ಕಾಲು ಹಿಡಿದುಕೊಂಡು ಅತ್ತುಬಿಟ್ಟ.

"ಇನ್ನೊಂದು ತಾ ಬೇಟಿ," ಎಂದ. "ಎರಡೂ ಅಂಗಳದಾಗ ಬಿಸಿಲಿಗೆ ಹಾಕು. ಓಣಿಯವರು ನೋಡೂ ಹಂಗ ಹಾಕು."